ಕಲ್ಲಿನಲ್ಲಿ ಬಿಟ್ಟ ಜಾಗ

ಬ್ಯಾರಿ, ವರ್ಮಾಂಟ್
14 ಮೇ 1984

ಪ್ರೊಫೆಸರ್ ಹಾಲೊವೇ ಅವರಿಗೆ,

ನಾನು ಅಸ್ಸುಂತಾ ಮೆಂಕೋನಿ. ಸೆಸ್ತೋ ಮೆಂಕೋನಿಯ ವಿಧವೆ, ಈ ಊರಿನ ಮೆಂಕೋನಿ ಕಲ್ಲುಶೆಡ್ಡಿನ ಯಜಮಾನಿ. ನನ್ನ ಮಾತಿಲ್ಲದೆ ನಮ್ಮ ಶೆಡ್ಡಿನಲ್ಲಿ ಕ್ರೇನು ಮೇಲೇಳುವುದಿಲ್ಲ. ಇಲ್ಲಿನ ಸ್ಮಶಾನದಲ್ಲಿ ನೀವು ಎಲ್ಲಿ ನಿಂತು ಕೈ ಚಾಚಿದರೂ ನಮ್ಮಲ್ಲಿ ಕಡೆದ ಒಂದು ಸಮಾಧಿಕಲ್ಲು ಕೈಗೆ ತಾಗುತ್ತದೆ. ಕಲ್ಲಿನ ಧೂಳು ನನ್ನ ತಂದೆಯ ಎದೆಯನ್ನು ತಿಂದುಹಾಕಿದ ಮೇಲೂ ನನ್ನ ತಾಯಿ ಬಾಡಿಗೆಗೆ ಇದ್ದ ಗಂಡಸರಿಗೆಲ್ಲ ಅಡುಗೆ ಮಾಡಿಹಾಕಿ ನನ್ನನ್ನು ಹೈಸ್ಕೂಲು ಮುಗಿಸುವವರೆಗೆ ಓದಿಸಿದಳು. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹೆಣ್ಣು ಆಗ ನಾನೊಬ್ಬಳೇ. ಆದ್ದರಿಂದ ಈ ಕಾಗದವನ್ನು ಯಾರೋ ಬರೆದುಕೊಟ್ಟರು ಎಂದು ತಿಳಿಯಬೇಡಿ.

ನನ್ನ ಮೊಮ್ಮಗಳು ಓರ್ನೆಲ್ಲಾ ಈ ಬೇಸಿಗೆಯಲ್ಲಿ ನಿಮ್ಮ ಜೊತೆ ಇಟಲಿಯ ಲೂಕಾ ಪಟ್ಟಣಕ್ಕೆ ಕಾನೂನು ಓದಲು ಬರುತ್ತಿದ್ದಾಳೆ. ಆರು ವಾರಗಳಲ್ಲಿ ಒಂದು ದೇಶದ ಕಾನೂನನ್ನು ಪರಿಚಯಿಸುತ್ತೇವೆ ಎಂದು ನಿಮ್ಮ ಪುಸ್ತಿಕೆ ಹೇಳುತ್ತದೆ. ನಮ್ಮ ಶೆಡ್ಡಿನಲ್ಲಿ ಆರು ವಾರಗಳಲ್ಲಿ ಕಲ್ಲು ಕೆತ್ತುವ ಚಾಣ ಹಿಡಿಯುವುದನ್ನು ಕಲಿಸುವುದಿಲ್ಲ. ಕಸ ಗುಡಿಸುವುದನ್ನು ಕಲಿಸುತ್ತೇವೆ. ಇರಲಿ. ನಿಮ್ಮ ಕೆಲಸ ನಿಮಗೆ ಗೊತ್ತು.

ಅವಳು ಯಾರ ಮನೆಯ ಹುಡುಗಿ ಎಂಬುದು ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಅವಳು ಬೆಳಗಿನ ತರಗತಿ ತಪ್ಪಿಸಿದರೆ ನನಗೆ ತಿಳಿಸಿ. ಇನ್ನೊಂದು ಮಾತು. ನಿಮ್ಮ ಅರ್ಜಿಯಲ್ಲಿ ಕುಟುಂಬದವರ ಹೆಸರು ಕೇಳಿದ ಕಡೆ ಅವಳು ತನ್ನ ಸೋದರತ್ತೆ ಎಂದು ರೆನಾತಾ ಎಂಬ ಹೆಸರನ್ನು ಬರೆದಿದ್ದಳು. ನನಗೆ ಇರುವುದು ಒಬ್ಬ ಮಗ, ಓರ್ನೆಲ್ಲಾಳ ತಂದೆ ದಾರಿಯೋ. ಆ ಇನ್ನೊಂದು ಹೆಸರನ್ನು ನಾನೇ ಹೊಡೆದುಹಾಕಿದ್ದೇನೆ. ಶಾಯಿ ಹರಡಿದ್ದಕ್ಕೆ ಮನ್ನಿಸಿ.

ಇಂತಿ,
ಅಸ್ಸುಂತಾ ಮೆಂಕೋನಿ

*

ಬ್ಯಾರಿ
19 ಜೂನ್ 1984

ಓರ್ನೆಲ್ಲಾ,

ನಿನ್ನ ಕಾಗದ ಮುಟ್ಟಿತು. ಬರವಣಿಗೆ ಗಲೀಜಾಗಿದೆ. ವಕೀಲಳಾಗುವವಳ ಸಾಲು ನೆಟ್ಟಗಿರಬೇಕು.

ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಇಲ್ಲ ಎಂದು ದೂರಿದ್ದೀಯ. ನಿನ್ನ ಅಜ್ಜ ಇಲ್ಲಿನ ಬ್ರೆಡ್ಡಿಗೆ ಉಪ್ಪು ಜಾಸ್ತಿ ಎಂದು ಜೀವಮಾನವಿಡೀ ದೂರಿದ. ತಿನ್ನು, ರೂಢಿಯಾಗುತ್ತದೆ. ಅಲ್ಲಿಯವರು ಏಳರ ಅಂಕಿಗೆ ನಡುವೆ ಅಡ್ಡಗೆರೆ ಎಳೆಯುತ್ತಾರೆ ಎಂದು ತಿಳಿಯದೆ ತಪ್ಪು ಬಸ್ಸು ಹತ್ತಿ ಯಾವುದೋ ಹಳ್ಳಿಯಲ್ಲಿ ಇಳಿದೆಯಂತೆ. ಹತ್ತುವ ಮುಂಚೆ ಕೇಳಬೇಕು. ಬಾಯಿ ಇದೆಯಲ್ಲ.

ಇನ್ನು ನಿನ್ನ ಅಣಕು ಮೊಕದ್ದಮೆಯ ವಿಷಯ. ವಿಧವೆಯೊಬ್ಬಳು ತನ್ನ ಎಣ್ಣೆಗಾಣವನ್ನು ಮಗನೊಬ್ಬನಿಗೇ ಬರೆದಿಟ್ಟು ಸತ್ತಿದ್ದಾಳೆ, ಮಗಳು ಬಂದು ಪಾಲು ಕೇಳುತ್ತಿದ್ದಾಳೆ, ಚೀಟಿ ಎತ್ತಿದಾಗ ಆ ತಾಯಿಯ ಪರ ವಾದಿಸುವ ಸರದಿ ನಿನಗೆ ಬಂದಿದೆ. 'ಒಬ್ಬ ತಾಯಿ ಹೀಗೇಕೆ ಮಾಡುತ್ತಾಳೆ, ನೊನ್ನಾ? ನನಗೆ ವಾದ ಬೇಕು' ಎಂದು ಕೇಳಿದ್ದೀಯ. ಕೇಳಬೇಕಾದ ಅಜ್ಜಿಯನ್ನೇ ಕೇಳಿದ್ದೀಯ. ಬರೆದುಕೋ.

ದುಡಿಯುವ ಗಾಣ ಕೇಕಲ್ಲ, ಕೊಯ್ದು ಹಂಚುವುದಕ್ಕೆ. ಕಲ್ಲನ್ನು ನಡುವೆ ಸೀಳಿದರೆ ಎರಡು ಕಲ್ಲಾಗುವುದಿಲ್ಲ, ಹಾಳಾದ ಒಂದು ಕಲ್ಲಾಗುತ್ತದೆ. ಕಟ್ಟಿ ನಿಲ್ಲಿಸಿದವಳಿಗೆ ಅದರ ಬಾಗಿಲನ್ನು ಯಾರಿಗೆ ತೆರೆಯಬೇಕು ಎಂದು ಹೇಳುವ ಹಕ್ಕಿದೆ. ಬಿಟ್ಟುಹೋದವಳಿಗೆ ಬಿಟ್ಟದ್ದನ್ನು ಕೇಳುವ ಹಕ್ಕಿಲ್ಲ.

ಇದು ಯಾರ ಕತೆ ಎಂದು ನೀನು ಬಾಯಿಬಿಟ್ಟು ಬರೆದಿಲ್ಲ, ನಾನೇ ಬರೆಯುತ್ತೇನೆ. ನಮ್ಮ ಊರಿನಲ್ಲಿ ಕಲ್ಲುಕೆಲಸದವನು ತನ್ನ ಸಮಾಧಿಕಲ್ಲನ್ನು ಬೇರೆಯವರಿಗೆ ಬಿಡುವುದಿಲ್ಲ. ನಿನ್ನ ಅಜ್ಜ ತಾನೇ ಗಣಿಗೆ ಹೋಗಿ ಕಲ್ಲು ಆರಿಸಿದ, ತಾನೇ ಕಡೆದ. ಅಕ್ಷರ ಮಾತ್ರ ರೆನಾತಾಳಿಂದ ಕೆತ್ತಿಸಿದ. ಅವಳಂಥ ಅಕ್ಷರದ ಕೈ ಈ ಕಣಿವೆಯಲ್ಲಿ ಇನ್ನೊಂದಿರಲಿಲ್ಲ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸೆಸ್ತೋ ಮೆಂಕೋನಿ, 1904. ಅದರ ಕೆಳಗೆ ನನ್ನ ಹೆಸರು, 1908. ಎರಡರ ಪಕ್ಕದಲ್ಲೂ ಸತ್ತ ವರ್ಷಕ್ಕೆ ಜಾಗ ಬಿಟ್ಟಳು. 1975ರಲ್ಲಿ ಅವನು ಸತ್ತ. ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ ಎಲ್ಲರ ಮುಂದೆ ಕೇಳಿದಳು.

"ಶೆಡ್ಡು ಯಾರದಮ್ಮ ಇನ್ಮೇಲೆ?"

"ದಾರಿಯೋ ನೋಡ್ಕೋತಾನೆ. ನೀನು ಮೊದಲಿನ ಹಾಗೇ ಕೆಲಸ ಮಾಡು."

"ಅಪ್ಪನ ಪಕ್ಕದಲ್ಲಿ ನಿಂತು ಕೆತ್ತಿದವಳು ನಾನು. ಅವನಿಗೆ ಇವತ್ತಿಗೂ ಚಾಣ ಸಾಣೆ ಹಿಡಿಯೋಕೆ ಬರಲ್ಲ."

"ಗಂಡಸರು ಅವನ ಮಾತು ಕೇಳ್ತಾರೆ. ನಿನ್ನ ಮಾತು ಕೇಳಲ್ಲ."

ಎದ್ದು ಶೆಡ್ಡಿಗೆ ಹೋದಳು. ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿದಳು, ತಂದೆಯ ಚಾಣಗಳನ್ನು ಎತ್ತಿಕೊಂಡಳು, ಗುಡ್ಡದಾಚೆ ನಾರ್ತ್‌ಫೀಲ್ಡಿಗೆ ಹೋಗಿ ಪರರ ಶೆಡ್ಡಿನಲ್ಲಿ ಸೇರಿದಳು. ತಂದೆಯ ಹೆಸರಿನ ಪಕ್ಕ ಅವನು ಸತ್ತ ವರ್ಷವನ್ನು ಕೆತ್ತಲಿಲ್ಲ. ಇವತ್ತಿಗೂ ಅದು ಖಾಲಿ. ಕಲ್ಲು ಓದಿದವರಿಗೆ ಸೆಸ್ತೋ ಎಲ್ಲೋ ಕಾಫಿ ಕುಡಿಯುತ್ತ ಕೂತಿದ್ದಾನೆ ಅನ್ನಿಸಬೇಕು.

ವಕೀಲ ಫಿನ್ನಿ ನನ್ನ ಉಯಿಲನ್ನು ಸಿದ್ಧಮಾಡಿದ್ದಾನೆ. ಶೆಡ್ಡು, ಮನೆ, ಎಲ್ಲ ನಿನ್ನ ತಂದೆಗೆ, ಅವನ ನಂತರ ನಿನಗೆ. ರೆನಾತಾಳ ಹೆಸರಿಲ್ಲ. ಆಗಸ್ಟ್ ಮೂರಕ್ಕೆ ಸಹಿ.

ಚೆನ್ನಾಗಿ ವಾದಿಸು.

ನಿನ್ನ ಅಜ್ಜಿ,
ಅಸ್ಸುಂತಾ

*

ಲೂಕಾ
30 ಜೂನ್ 1984

ಪ್ರೀತಿಯ ನೊನ್ನಾ,

ಸಾಲು ನೆಟ್ಟಗಿರಲಿ ಎಂದು ಈ ಸಲ ಕೆಳಗೆ ಗೆರೆಯ ಹಾಳೆ ಇಟ್ಟು ಬರೆಯುತ್ತಿದ್ದೇನೆ.

ನಿನ್ನ ವಾದವನ್ನು ಓದಿ ನನ್ನ ಜೊತೆಯ ಹುಡುಗಿಯರು ಬೆರಗಾದರು. 'ನಿನ್ನ ಅಜ್ಜಿ ಯಾವ ಕಾಲೇಜಿನಲ್ಲಿ ಓದಿದ್ದು?' ಎಂದು ಕೇಳಿದರು. ಆದರೆ ಒಂದು ತೊಡಕಿದೆ. ಇಲ್ಲಿನ ಕಾನೂನಿನಲ್ಲಿ ನಾನು ಗೆಲ್ಲಲಾರೆ. ಇಲ್ಲಿ ತಾಯಿಯಾದವಳು ಮಗುವನ್ನು ಉಯಿಲಿನಿಂದ ಹೊರಗಿಡುವಂತಿಲ್ಲ. ಇಬ್ಬರು ಮಕ್ಕಳಿದ್ದರೆ ಆಸ್ತಿಯ ಮೂರರಲ್ಲಿ ಎರಡು ಪಾಲು ಅವರದು, ಒಬ್ಬೊಬ್ಬರಿಗೆ ಒಂದೊಂದು. ಉಳಿದ ಒಂದನ್ನು ಮಾತ್ರ ತಾಯಿ ತನಗೆ ಬೇಕಾದವರಿಗೆ ಕೊಡಬಹುದು. ಮಗುವಿನ ಪಾಲು ತಾಯಿ ಕೊಡುವ ಉಡುಗೊರೆಯಲ್ಲ, ಅದು ಮೊದಲಿನಿಂದಲೂ ಮಗುವಿನದೇ ಎನ್ನುತ್ತಾರೆ.

ಪಾಲು ಕಳೆದುಕೊಳ್ಳುವುದಕ್ಕೂ ದಾರಿಗಳಿವೆ. ತಾಯಿಯನ್ನು ಕೊಲ್ಲಲು ಹೋದವರು, ಅವಳ ಮೇಲೆ ದೊಡ್ಡ ಅಪರಾಧದ ಸುಳ್ಳು ದೂರು ಕೊಟ್ಟವರು, ಉಯಿಲನ್ನು ತಿದ್ದಿದವರು, ಸುಟ್ಟವರು. ಅಷ್ಟೂ ಕಲಮುಗಳನ್ನು ಎರಡೆರಡು ಸಲ ಓದಿದೆ, ನೊನ್ನಾ. ತಂದೆಯ ಕಲ್ಲಿನಲ್ಲಿ ವರ್ಷ ಕೆತ್ತದೆ ಹೋದವರು ಎಂದು ಎಲ್ಲೂ ಇಲ್ಲ.

ನಮ್ಮ ವರ್ಮಾಂಟಿನ ಕಾನೂನು ಬೇರೆ, ನೀನು ಏನು ಬೇಕಾದರೂ ಬರೆಯಬಹುದು ಎಂದು ನನಗೆ ಗೊತ್ತು. ಆದರೂ ಒಂದು ಕೇಳಿಕೆ. ತರಗತಿ ಮುಗಿದ ಮೇಲೆ ಕರಾರಾದಲ್ಲಿ ಅಜ್ಜನ ತಮ್ಮನ ಮನೆಯಲ್ಲಿ ಸ್ವಲ್ಪ ದಿನ ಇದ್ದು ಆಗಸ್ಟ್ ನಡುವಿನಲ್ಲಿ ಊರಿಗೆ ಬರುತ್ತೇನೆ. ಅಲ್ಲಿಯವರೆಗೆ ಸಹಿ ಮಾಡಬೇಡ. ಆ ಉಯಿಲಿನಿಂದ ಲಾಭವಾಗುವುದು ನನಗೆ. ಅದಕ್ಕೇ ಕೇಳುತ್ತಿದ್ದೇನೆ.

ಒಂದು ಮಾತು ಕೇಳಲೇ? ಅತ್ತೆ ವರ್ಷ ಕೆತ್ತಲು ಒಪ್ಪಲಿಲ್ಲವೋ, ಅಥವಾ ಬೇರೇನಾದರೂ ಆಯಿತೋ? ಅಪ್ಪನನ್ನು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾರೆ.

ನಿನ್ನ
ಓರ್ನೆಲ್ಲಾ

*

ಬ್ಯಾರಿ
10 ಜುಲೈ 1984

ಓರ್ನೆಲ್ಲಾ,

ತಾಯಂದಿರನ್ನು ನಂಬದ ಕಾನೂನನ್ನು ಕಲಿಯಲು ಅಷ್ಟು ದೂರ ಹೋಗಿದ್ದೀಯ. ನನ್ನ ತಂದೆ ಆ ದೇಶವನ್ನು ಏಕೆ ಬಿಟ್ಟು ಬಂದ ಎಂದು ಈಗ ಗೊತ್ತಾಯಿತು.

ಆಗಸ್ಟ್ ಮೂರು ಎಂದರೆ ಮೂರೇ. ನಾನು ದಿನ ಬದಲಾಯಿಸುವುದಿಲ್ಲ. ಆದರೆ ಸಹಿಗೆ ಮುಂಚೆ ಎಲ್ಲವೂ ಕ್ರಮವಾಗಿರಬೇಕು. ಅದಕ್ಕಾಗಿ ಕಳೆದ ಶನಿವಾರ ನಿನ್ನ ತಂದೆಯನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಖಾಲಿ ಜಾಗವನ್ನು ಇನ್ನು ತುಂಬಿಬಿಡು ಎಂದೆ.

ಪಿಯಾ ಕೋರ್ಸಿ ತನ್ನ ಗಂಡನ ಸಮಾಧಿಯ ಹೂಗಳಿಗೆ ನೀರು ಹಾಕುತ್ತಿದ್ದಳು. ಸುತ್ತಿಗೆ ಚಾಣ ಕಂಡದ್ದೇ ನೀರಿನ ಡಬ್ಬ ಕೆಳಗಿಟ್ಟಳು.

"ಏನ್ ಅಸ್ಸುಂತಾ, ಕೊನೆಗೂ ಸೆಸ್ತೋಗೆ ಸಾಯೋಕೆ ಅಪ್ಪಣೆ ಕೊಟ್ಯಾ?"

"ನೀನು ನೀರು ಹಾಕಮ್ಮ ಪಿಯಾ. ಬದುಕಿರೋವರೆಗೂ ನಿನ್ನ ಗಂಡ ನೀರು ಮುಟ್ಟಿದೋನಲ್ಲ, ಈಗಲಾದರೂ ಕುಡೀಲಿ."

ನಿನ್ನ ತಂದೆ ಕಲ್ಲಿನ ಮುಂದೆ ಮಂಡಿಯೂರಿ ಕೂತ. ಬೆರಳಿನಿಂದ ಅಕ್ಷರಗಳ ಒಳಗನ್ನು ಸವರಿದ. ಸೀಸದಕಡ್ಡಿಯಿಂದ ಗುರುತು ಹಾಕಿದ, ಒರೆಸಿದ, ಮತ್ತೆ ಹಾಕಿದ. ಬಿಸಿಲು ಏರುತ್ತಿತ್ತು. ಕೊನೆಗೆ ಚಾಣವನ್ನು ಹುಲ್ಲಿನ ಮೇಲಿಟ್ಟ.

"ನನ್ನ ಕೈಲಾಗಲ್ಲಮ್ಮ."

"ನಾಲ್ಕು ಅಂಕಿ ಕಣೋ. ನಿಮ್ಮಪ್ಪ ಕಣ್ಣು ಮುಚ್ಕೊಂಡು ಕೆತ್ತೋನು."

"ಅದಲ್ಲ. ಇದು ಅವಳ ಕೈ. ಒಂದು ಇದೆ, ಒಂಬತ್ತಿದೆ, ನೋಡ್ಕೊಂಡು ಕೆತ್ತಬಹುದು. ಅಪ್ಪನ ಸಾಲಲ್ಲೂ ನಿನ್ನ ಸಾಲಲ್ಲೂ ಏಳಿಲ್ಲ, ಐದಿಲ್ಲ. ಅವಳ ಏಳು ಹೇಗಿರುತ್ತೆ ಅಂತ ನನಗೆಲ್ಲಿ ಗೊತ್ತು? ನಾನು ಕೆತ್ತಿದರೆ ಇಡೀ ಊರಿಗೆ ಗೊತ್ತಾಗುತ್ತೆ, ಎರಡು ಕೈ ಬಿದ್ದಿದೆ ಅಂತ."

ನೀನು ಪುಸ್ತಕದವಳು, ನಿನಗಿದು ಸಣ್ಣದಾಗಿ ಕಾಣಬಹುದು. ನಮ್ಮಲ್ಲಿ ಒಬ್ಬರು ಶುರುಮಾಡಿದ ಹೆಸರನ್ನು ಇನ್ನೊಬ್ಬರು ಮುಗಿಸುವುದಿಲ್ಲ. ಒಂದು ಕಲ್ಲಿಗೆ ಎರಡು ಕೈ ಎಂದರೆ ಒಂದು ಒಲೆಗೆ ಇಬ್ಬರು ಅತ್ತೆಯರು ಎಂದು ನಿನ್ನ ಅಜ್ಜ ಹೇಳುತ್ತಿದ್ದ. ಕೆತ್ತಿದವನು ಸತ್ತುಹೋಗಿದ್ದರೆ ಬೇರೆ ಮಾತು. ಬದುಕಿದ್ದಾಗ ಇನ್ನೊಬ್ಬ ಕೈ ಹಾಕಿದರೆ ಅವನನ್ನು ಯಾರೂ ಶೆಡ್ಡಿಗೆ ಸೇರಿಸುವುದಿಲ್ಲ.

"ಕೆತ್ತೋಕೆ ಒಲ್ಲೆ ಅಂದೋಳಿಗೆ ಎಂಥ ಮರ್ಯಾದೆ?" ಎಂದೆ.

ಆಗ ನಿನ್ನ ತಂದೆ ಎದ್ದು ನಿಂತ. ಜೀವಮಾನದಲ್ಲಿ ನನ್ನ ಎದುರು ದನಿ ಎತ್ತಿದವನಲ್ಲ.

"ಒಲ್ಲೆ ಅಂದಿಲ್ಲಮ್ಮ ಅವಳು. ಅಪ್ಪ ಸತ್ತ ನಲವತ್ತನೇ ದಿನ ಚಾಣ ತಗೊಂಡು ಬಂದಿದ್ಳು. ಇದೇ ಗೇಟಲ್ಲಿ ನಿಂತಿದ್ದೆ ನೀನು. 'ಮೊದಲು ಕ್ಷಮೆ ಕೇಳು, ಆಮೇಲೆ ಕಲ್ಲು ಮುಟ್ಟು' ಅಂದೆ. ನಾನಿಲ್ಲೇ ಇದ್ದೆ."

ಅಂದದ್ದು ನಿಜ. ಮನೆಯ ಊಟದ ಮೇಜಿನಿಂದ ಎದ್ದುಹೋದವಳು ಮೊದಲು ಆ ಮೇಜಿಗೆ ಬರಬೇಕು. ಇದು ನಿನ್ನ ಪ್ರಶ್ನೆಗೆ ಉತ್ತರ. ಇನ್ನು ಅದನ್ನು ಕೇಳಬೇಡ.

ಈ ಕಲ್ಲು ತೆಗೆಸಿ ಹೊಸ ಕಲ್ಲು ನಿಲ್ಲಿಸೋಣ, ಎರಡೂ ಹೆಸರನ್ನು ನೀನೇ ಕೆತ್ತು ಎಂದೆ.

"ಅಪ್ಪ ಆರಿಸಿದ ಕಲ್ಲನ್ನ ನಾನು ಎತ್ತಲ್ಲ. ನೀನು ಬೇಕಾದ್ರೆ ಬೇರೆ ಶೆಡ್ಡಿಗೆ ಹೇಳ್ಕೋ. ಒಂದ್ಮಾತು ಹೇಳು, ನಾಳೆ ನಿನ್ನ ಹೆಸರಿನ ಪಕ್ಕದಲ್ಲಿ ವರ್ಷ ಕೆತ್ತೋರು ಯಾರು?"

ಚಾಣ ಸುತ್ತಿಗೆಗಳನ್ನು ನಾನೇ ಎತ್ತಿಕೊಂಡೆ. ಲಾರಿಯಲ್ಲಿ ಕೂತು ಮನೆಗೆ ಬಂದೆವು. ನಿನ್ನ ತಂದೆ ಊಟ ಮಾಡಲಿಲ್ಲ. ನಾನು ಮಾಡಿದೆ.

ನಿನ್ನ ವಾದದ ದಿನ ಏನಾಯಿತು ಬರೆ.

ಅಸ್ಸುಂತಾ

*

ಕರಾರಾ
22 ಜುಲೈ 1984

ಪ್ರೀತಿಯ ನೊನ್ನಾ,

ಸೋತೆ. ಸೋಲುತ್ತೇನೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ನಿನ್ನ ಒಂದೊಂದು ಮಾತನ್ನೂ ಬಿಡದೆ ಹೇಳಿದೆ. ಸೀಳಿದ ಕಲ್ಲಿನ ಮಾತು ಬಂದಾಗ ಪ್ರೊಫೆಸರ್ ಹಾಲೊವೇ ಬರೆದುಕೊಂಡರು. ಎದುರು ಪಕ್ಷದಲ್ಲಿದ್ದ ಒಹಾಯೋದ ಹುಡುಗನಿಗೆ ಬೆವರು ಬಂತು, ಅಷ್ಟಂತೂ ಆಯಿತು.

ನ್ಯಾಯಾಧೀಶರ ಪೀಠದಲ್ಲಿ ಕೂರಿಸಲು ಲೂಕಾದವರೇ ಆದ, ನಿವೃತ್ತರಾದ ಹಿರಿಯ ವಕೀಲೆಯೊಬ್ಬರನ್ನು ಕರೆಸಿದ್ದರು. ನಿನ್ನಷ್ಟೇ ವಯಸ್ಸು, ನಿನ್ನ ಹಾಗೇ ಕೂರುತ್ತಾರೆ, ಬೆನ್ನು ಒರಗಿಸದೆ. ನನ್ನ ವಾದ ಮುಗಿದ ಮೇಲೆ ಕನ್ನಡಕ ತೆಗೆದು ಕೇಳಿದರು.

"ಚೆನ್ನಾಗಿ ಮಾತಾಡಿದೆ ಮಗಳೇ. ಒಂದೇ ಒಂದು ಹೇಳು. ನಿನ್ನ ಕಕ್ಷಿದಾರಳಿಗೆ ಮಗಳಿಂದ ಏನು ಬೇಕಾಗಿತ್ತು?"

"ಕಡತದಲ್ಲಿ ಅದಿಲ್ಲ, ಸಿನ್ಯೋರಾ" ಎಂದೆ.

"ಕಡತದಲ್ಲಿ ಯಾವತ್ತೂ ಇರಲ್ಲ. ಅದಕ್ಕೇ ಇಲ್ಲಿ ಕಾನೂನು ಹೀಗಿರೋದು. ತಾಯಿ ಬದುಕಿರೋವರೆಗೂ ಕೋಪ ಮಾಡ್ಕೋಬಹುದು, ಯಾರೂ ಬೇಡ ಅನ್ನಲ್ಲ. ಸತ್ತ ಮೇಲೆ ಒಂದು ದಿನವೂ ಮಾಡೋ ಹಾಗಿಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಿನ್ನ ಹತ್ತನೇ ತಾರೀಖಿನ ಕಾಗದ ಇಲ್ಲಿಗೆ ಬಂದ ಮೇಲೆ ಸಿಕ್ಕಿತು. ಅಜ್ಜನ ತಮ್ಮನಿಗೆ ಓದಿ ಹೇಳಿದೆ. ಗೇಟಿನ ಮಾತನ್ನು ಬಿಟ್ಟು ಓದಿದೆ, ಹೆದರಬೇಡ. ಅವರು "ನನ್ನಣ್ಣಂಗೆ ಇನ್ನೂ ವರ್ಷ ಹಾಕಿಲ್ವಾ?" ಎಂದು ಮಾತ್ರ ಕೇಳಿದರು.

ಸಹಿ ಮಾಡಬೇಡ ಎಂದು ಮತ್ತೆ ಹೇಳುವುದಿಲ್ಲ. ಆದರೆ ನಾನು ವಾದಿಸಿದ್ದು ನನಗೇ ದಕ್ಕುವುದು ನನಗೆ ಬೇಡ.

ಓರ್ನೆಲ್ಲಾ

*

ಬ್ಯಾರಿ
4 ಆಗಸ್ಟ್ 1984

ಓರ್ನೆಲ್ಲಾ,

ಈ ಕಾಗದ ನಿನ್ನ ಕೈ ಸೇರುವುದಕ್ಕೆ ಮುಂಚೆ ನೀನೇ ಹೊರಟರೂ ಹೊರಡಬಹುದು. ಆದರೂ ಬರೆದಿಡುತ್ತೇನೆ. ಬಾಯಲ್ಲಿ ಹೇಳುವಾಗ ನಿನ್ನ ತಂದೆ ಮಧ್ಯೆ ಬಾಯಿ ಹಾಕುತ್ತಾನೆ.

ಬುಧವಾರ ಬೆಳಿಗ್ಗೆ ಶೆಡ್ಡಿನ ಲಾರಿಯಲ್ಲಿ ನಾರ್ತ್‌ಫೀಲ್ಡಿಗೆ ಹೋದೆ. ಓಡಿಸಲು ಒಬ್ಬ ಕೆಲಸಗಾರನಿದ್ದ, ಅವನನ್ನು ರಸ್ತೆಯಲ್ಲೇ ಬಿಟ್ಟೆ. ಒಳಗೆ ಹೋಗಿ ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತೆ. ರೆನಾತಾಳ ಕೂದಲು ಪೂರ್ತಿ ನೆರೆತಿದೆ. ಧೂಳೋ ಎಂದು ನೋಡಿದೆ, ಧೂಳಲ್ಲ. ಸುತ್ತಿಗೆ ಕೆಳಗಿಟ್ಟು ಕೈ ಒರೆಸಿಕೊಂಡಳು.

"ಏನ್ ಬೇಕಿತ್ತು?"

"ಒಂದು ಕಲ್ಲಲ್ಲಿ ವರ್ಷ ಕೆತ್ತೋದಿದೆ."

"ಹೊಸ ಕಲ್ಲಾ?"

"ಹಳೇದು. ಹೆಸರಿದೆ, ಹುಟ್ಟಿದ ವರ್ಷ ಇದೆ."

"ಅರ್ಧ ಆಗಿರೋ ಕಲ್ಲಿಗೆ ನಾವು ಕೈ ಹಾಕಲ್ಲಮ್ಮ. ಮೊದಲು ಕೆತ್ತಿದೋರನ್ನೇ ಕೇಳಿ."

ಪಕ್ಕದಲ್ಲಿದ್ದ ಗಂಡಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನೋಡಲಿ.

"ಅವಳನ್ನೇ ಕೇಳೋಕೆ ಬಂದಿದೀನಿ" ಎಂದೆ.

ಅವಳು ಸುತ್ತಿಗೆಯನ್ನು ಬದಿಗೆ ಸರಿಸಿದಳು. ಆಮೇಲೆ, "ಕ್ಷಮೆ ಕೇಳಿ ಮುಟ್ಟು ಅಂತ ನೀನು ಅಂದಿದ್ದೆ" ಎಂದಳು.

"ಅಂದಿದ್ದೆ. ಇವತ್ತು ಅಂತಿಲ್ಲ."

"ಅಷ್ಟೇನಾ?"

"ಅಷ್ಟೇ."

"ಅಪ್ಪನ ಕಲ್ಲನ್ನ ಕೀಳಿಸ್ತೀಯಂತೆ. ದಾರಿಯೋ ಫೋನಲ್ಲಿ ಹೇಳ್ದ."

ಹಾಗಾದರೆ ಅಣ್ಣತಂಗಿಯರು ಮಾತಾಡುತ್ತಾರೆ. ಎಷ್ಟು ವರ್ಷದಿಂದ ಎಂದು ನಾನು ಕೇಳಲಿಲ್ಲ.

"ಕೀಳಿಸೋದಾಗಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?" ಎಂದೆ.

ಗೋಡೆಯ ಮೇಲಿದ್ದ, ಚಾಣಗಳನ್ನು ಸುತ್ತಿಟ್ಟ ತೊಗಲಿನ ಸುರುಳಿಯನ್ನು ಇಳಿಸಿಕೊಂಡಳು. ನಿನ್ನ ಅಜ್ಜನದು. ಲಾರಿಯಲ್ಲಿ ನಮ್ಮಿಬ್ಬರ ನಡುವೆ ಅದು ಇತ್ತು.

ಸ್ಮಶಾನದಲ್ಲಿ ಅವಳು ಗುರುತು ಹಾಕಲಿಲ್ಲ. ಕಲ್ಲಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದು, ಹಾಗೇ ಶುರುಮಾಡಿದಳು. ನಾನು ಬ್ರಷ್ಷು ಹಿಡಿದು ಧೂಳು ತೆಗೆದೆ. ಹುಡುಗಿಯಾಗಿದ್ದಾಗ ನನ್ನ ತಂದೆಗೆ ತೆಗೆಯುತ್ತಿದ್ದ ಹಾಗೆ. ಪಿಯಾ ಕೋರ್ಸಿ ಡಬ್ಬ ಹಿಡಿದು ದೂರದಲ್ಲೇ ನಿಂತಿದ್ದಳು.

ಏಳು ಮುಗಿದಾಗ ನೋಡಿದೆ. ಹೊಟ್ಟೆಗೆ ಅಡ್ಡಗೆರೆ. ನಿನ್ನನ್ನು ತಪ್ಪು ಬಸ್ಸಿಗೆ ಹತ್ತಿಸಿತ್ತಲ್ಲ, ಅದೇ ಏಳು. ಐವತ್ತು ವರ್ಷ ಈ ದೇಶದಲ್ಲಿದ್ದರೂ ಸೆಸ್ತೋ ಏಳನ್ನು ಹಾಗೇ ಬರೆಯುತ್ತಿದ್ದ. ನಾನು ಮರೆತಿದ್ದೆ. ನಿನ್ನ ತಂದೆ ಕೆತ್ತಿದ್ದರೆ ಅದು ಈ ಊರಿನ ಏಳಾಗುತ್ತಿತ್ತು, ನನ್ನ ಗಂಡ ಸತ್ತ ವರ್ಷವಾಗುತ್ತಿರಲಿಲ್ಲ.

ಐದೂ ಮುಗಿಯಿತು. ರೆನಾತಾ ಕೆಳಗಿನ ಸಾಲಿಗೆ ಕೈ ತಂದು ನನ್ನ ಹೆಸರಿನ ಪಕ್ಕದ ಜಾಗವನ್ನು ಗೇಣಿನಿಂದ ಅಳೆದಳು.

"ಇದಕ್ಕೆ?"

"ಅದೂ ನಿಂದೇ. ಅವಸರ ಬೇಡ."

ಅವಳು ನಕ್ಕಳು. ನಾನು ಬ್ರಷ್ಷಿನ ಧೂಳು ಕೊಡವಿದೆ.

ನಿನ್ನೆ, ಮೂರನೇ ತಾರೀಖು, ಹೇಳಿದ ಹೊತ್ತಿಗೆ ಫಿನ್ನಿಯ ಕಚೇರಿಗೆ ಹೋದೆ. ಅವನು ಟೈಪು ಮಾಡಿಸಿಟ್ಟಿದ್ದ ಉಯಿಲನ್ನು ಹರಿದುಹಾಕಿ, ಬೇರೆ ಬರೆಯಲು ಹೇಳಿದೆ. ನನ್ನ ನಂತರ ಶೆಡ್ಡು ದಾರಿಯೋನದೂ ರೆನಾತಾಳದೂ. ಸೀಳುವ ಹಾಗಿಲ್ಲ. ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರು ಒಂದು ಚಪ್ಪಡಿಯನ್ನೂ ಮಾರುವ ಹಾಗಿಲ್ಲ. ಕಲ್ಲು ಕಲ್ಲಾಗಿಯೇ ಉಳಿಯಬೇಕು, ಅದನ್ನು ನಾನು ಬಿಟ್ಟಿಲ್ಲ.

ಫಿನ್ನಿ ಪೆನ್ನು ಕಚ್ಚುತ್ತ ಕೂತ.

"ಮಿಸೆಸ್ ಮೆಂಕೋನಿ, ಮಗಳಿಗೆ ಕೊಡಲೇಬೇಕು ಅಂತ ನಮ್ಮ ಕಾನೂನು ಹೇಳಲ್ಲ. ನಿಮಗೆ ಯಾರ ಬಲವಂತವೂ ಇಲ್ಲ."

"ಗೊತ್ತು. ಅದಕ್ಕೇ ಕೊಡ್ತಿರೋದು. ಬರೆಯಿರಿ."

ನಿನ್ನ ನ್ಯಾಯಾಧೀಶೆ ಸಿಕ್ಕಿದರೆ ಈ ಮಾತನ್ನು ಹೇಳು. ಆ ಹೆಂಗಸಿಗೆ ಅರ್ಥವಾದೀತು.

ಉಯಿಲಿನಲ್ಲಿ ನಿನಗೆ ಏನೂ ಇಲ್ಲ. ನಿನಗೆ ಕಾನೂನು ಬರುತ್ತದೆ. ದುಡಿದು ತಿನ್ನು.

ರೆನಾತಾ ಶೆಡ್ಡಿಗೆ ವಾಪಸು ಬರುತ್ತೇನೆ ಎಂದು ಹೇಳಿಲ್ಲ. ನಾನೂ ಕೇಳಿಲ್ಲ. ಅವಳು ಅಂದು ಬಿಚ್ಚಿದ ಏಪ್ರನ್ನು ಇನ್ನೂ ಆ ಮೊಳೆಯಲ್ಲೇ ಇತ್ತು. ಅದನ್ನು ಮುಟ್ಟಲು ಇಷ್ಟು ದಿನ ಯಾರನ್ನೂ ಬಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಅದನ್ನು ಒಗೆದೆ. ಒಣಗಿದೆ. ಇಸ್ತ್ರಿ ಮಾಡಿ ಮತ್ತೆ ಅದೇ ಮೊಳೆಗೆ ಹಾಕಿ ಬಂದಿದ್ದೇನೆ.

ನಿನ್ನ ಅಜ್ಜಿ,
ಅಸ್ಸುಂತಾ ಮೆಂಕೋನಿ